ಪತಂಗಗಳು ಬೆನ್ನು ಹತ್ತಿದ ಅಂಗಿ

ನಮ್ಮ ಭಾವ ವಿಜ್ಞಾನಿಯಲ್ಲ. ಇದು ನನಗೆ ಗೊತ್ತು, ಅಕ್ಕನಿಗೆ ಗೊತ್ತು, ಕೃಷಿ ಸಂಶೋಧನಾ ಕೇಂದ್ರದ ಗೇಟಿನಲ್ಲಿ ಮಲಗುವ ನಾಯಿಗೂ ಗೊತ್ತು. ಗೊತ್ತಿಲ್ಲದವರೆಂದರೆ ನಮ್ಮ ಕಟ್ಟಡದವರು ಮಾತ್ರ. ಭಾವ ಆ ಕೇಂದ್ರದ ಉಗ್ರಾಣದ ಗುಮಾಸ್ತರು. ಬೀಜದ ಚೀಲ, ಗುದ್ದಲಿ, ಬಲ್ಬು, ಫಿನಾಯಿಲು, ಎಲ್ಲವೂ ಅವರ ಸುಪರ್ದಿಯಲ್ಲಿ. ಆದರೆ ಯಾರಾದರೂ "ಎಲ್ಲಿ ಕೆಲಸ?" ಎಂದು ಕೇಳಿದರೆ "ಸಂಶೋಧನಾ ಕೇಂದ್ರದಲ್ಲಿ" ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಜೇಬಿನಿಂದ ಭೂತಗನ್ನಡಿ ತೆಗೆದು ಒರೆಸತೊಡಗುತ್ತಿದ್ದರು. ಭೂತಗನ್ನಡಿ ಒರೆಸುವವರನ್ನು ಗುಮಾಸ್ತ ಎಂದು ಯಾರು ತಾನೇ ಅಂದುಕೊಂಡಾರು? ಕಟ್ಟಡದಲ್ಲಿ ಅವರ ಹೆಸರೇ 'ವಿಜ್ಞಾನಿಗಳು' ಎಂದಾಗಿಹೋಗಿತ್ತು.

ಕೂತಲ್ಲಿ ಕೂರುವ ಜೀವವೂ ಅಲ್ಲ ಅವರದು. ಟೀ ಕುಡಿಯುವಾಗಲೂ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಕುಡಿಯಬೇಕು. ಅಕ್ಕ ಮದುವೆಯಾದಂದಿನಿಂದ ಅವರ ಹಿಂದೆ ತಟ್ಟೆ ಹಿಡಿದು ಸುತ್ತಿ ಸುತ್ತಿ ತೆಳ್ಳಗಾದಳು.

ಇನ್ನು ನಾನು. ಅಕ್ಕನ ತಮ್ಮ. ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ ನನ್ನದೊಂದು ಬಟ್ಟೆ ಒಗೆಯುವ ಅಂಗಡಿ ಇದೆ. ಕಟ್ಟಡದವರೆಲ್ಲರ ಕೊಳೆ ಬಿಡುವುದು ನನ್ನ ಯಂತ್ರದಲ್ಲೇ. ಭಾವನ ಬಟ್ಟೆ ಮಾತ್ರ ಪುಕ್ಕಟೆ. ಪುಕ್ಕಟೆ ಬಟ್ಟೆಗೆ ಬೇರೆ ನೀರು ಯಾರು ಹಾಕುತ್ತಾರೆ? ಯಾರದಾದರೂ ಬಟ್ಟೆಯ ಜೊತೆ ಸೇರಿಸಿ ತಿರುಗಿಸಿಬಿಡುತ್ತೇನೆ. ಈ ಮಾತನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಟ್ಟಡದ ತಾರಸಿಯ ಮೇಲೆ ಕುಂಡಗಳಲ್ಲಿ ಟೊಮೇಟೊ ತೋಟವಿದೆ. ತೋಟವಿದ್ದ ಮೇಲೆ ಸಂಘ ಬೇಡವೇ? ಸಂಘವಿದ್ದ ಮೇಲೆ ಅಧ್ಯಕ್ಷರು ಬೇಡವೇ? ನಮ್ಮ ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು. ಬಿಸಿಲಿರಲಿ ಚಳಿಯಿರಲಿ, ಕಂದು ಬಣ್ಣದ ಕೋಟು ಮೈಮೇಲಿಂದ ಇಳಿಯುವುದಿಲ್ಲ. ಒಂದು ಭಾನುವಾರ ಅವರು ಒಂದು ಎಲೆ ಹಿಡಿದು ಭಾವನನ್ನು ತಾರಸಿಗೆ ಕರೆಸಿದರು. ಎಲೆಯ ಮೇಲೆಲ್ಲ ಯಾರೋ ಸೀಮೆಸುಣ್ಣದಲ್ಲಿ ಗೀಚಿದಂತೆ ಬಿಳಿ ಗೆರೆಗಳು.

"ವಿಜ್ಞಾನಿಗಳೇ, ಇದೇನು ನೋಡಿ."

ಭಾವ ಭೂತಗನ್ನಡಿ ತೆಗೆದರು. ಎಲೆಯನ್ನು ಮೇಲಿನಿಂದ ನೋಡಿದರು, ಕೆಳಗಿನಿಂದ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ಅವರು ನೋಡಿ ಮುಗಿಸುವಷ್ಟರಲ್ಲಿ ಎಲೆ ಬಾಡಿಯೇ ಹೋಯಿತು.

"ಹುಳ," ಎಂದರು ಗಂಭೀರವಾಗಿ.

"ಹುಳ ಅಂತ ನಮಗೂ ಗೊತ್ರೀ. ಯಾವ ಹುಳ?"

"ಅದನ್ನ ಹೀಗೆ ಬಾಯಿಮಾತಲ್ಲಿ ಹೇಳೋಕಾಗಲ್ಲ ಸಾರ್. ಸಂಶೋಧನೆ ಆಗ್ಬೇಕು."

ಸಂಶೋಧನೆ ಎಂದರೆ ಇಷ್ಟೇ. ಮರುದಿನ ಆ ಎಲೆಯನ್ನು ತಮ್ಮ ಕೇಂದ್ರದ ಡಾಕ್ಟರಮ್ಮನಿಗೆ ತೋರಿಸುವುದು. ಈ ಡಾಕ್ಟರಮ್ಮ ರೋಗಿಗಳ ಡಾಕ್ಟರಲ್ಲ, ಬೆಳೆಗಳ ಡಾಕ್ಟರು, ಅಪ್ಪಟ ವಿಜ್ಞಾನಿ. ಆಕೆ ನಡೆಯುತ್ತಲೇ ಎಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಟೊಮೇಟೊ ಎಲೆ ಕೊರೆಯೋ ಹುಳ. ಪತಂಗ ಬಂದು ಮೊಟ್ಟೆ ಇಡುತ್ತೆ, ಮರಿ ಒಳಗೇ ಸುರಂಗ ಕೊರೆಯುತ್ತೆ," ಎಂದು ಹೇಳಿ ಹೊಲಕ್ಕೆ ಹೊರಟುಹೋದರು.

ಆ ಹೊಲದ ವಿಷಯ ಇಲ್ಲಿ ಹೇಳಲೇಬೇಕು. ಕೀಟನಾಶಕ ಹೊಡೆಯದೆಯೇ ಹೆಚ್ಚು ಇಳುವರಿ ಕೊಡುವ ಟೊಮೇಟೊ ತಳಿಯೊಂದನ್ನು ಡಾಕ್ಟರಮ್ಮ ವರ್ಷಗಟ್ಟಲೆ ದುಡಿದು ಬೆಳೆಸಿದ್ದರು. ಹುಳದ ಮೊಟ್ಟೆಗಳನ್ನು ಮುಗಿಸಲು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಗಳನ್ನು ಆ ಹೊಲದಲ್ಲಿ ಬಿಟ್ಟಿದ್ದರು. ಒಂದೇ ಒಂದು ಸಲ ವಿಷ ಹೊಡೆದರೂ ಕಣಜಗಳು ಸತ್ತವು, ಪ್ರಯೋಗ ಕೆಟ್ಟಿತು, ಇಷ್ಟು ವರ್ಷದ ದುಡಿಮೆ ಗೊಬ್ಬರದ ಗುಂಡಿ ಸೇರಿತು ಎಂದೇ ಲೆಕ್ಕ. ಉಳಿದಿದ್ದುದು ಕೊನೆಯ ಒಂದು ಕೊಯ್ಲು. ಕೊಯ್ದ ಹಣ್ಣನ್ನೆಲ್ಲ ತೂಗುವುದು ಉಗ್ರಾಣದ ತಕ್ಕಡಿಯಲ್ಲಿ. ಹಾಗಾಗಿ ಪ್ರತಿ ಕೊಯ್ಲಿನ ದಿನವೂ ಭಾವ ಮನೆಗೆ ಬಂದು, ಹೆತ್ತ ಮಗುವಿನ ತೂಕ ಹೇಳುವ ಹಾಗೆ ಅಕ್ಕನಿಗೆ ಆ ಹಣ್ಣಿನ ತೂಕ ಹೇಳುತ್ತಿದ್ದರು. ಸಂಜೆ ಬಸ್ ಹಿಡಿಯುವ ಮುಂಚೆ ಆ ಹೊಲಕ್ಕೆ ಒಂದು ಸುತ್ತು ಹಾಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಭೂತಗನ್ನಡಿ ಸೋಗು ಇರಬಹುದು, ಆ ಪ್ರೀತಿ ಮಾತ್ರ ಸೋಗಲ್ಲ.

ಆ ಹೊಲದ ಅಂಚಿನಲ್ಲಿ ಒಂದು ಬಲೆ ನೇತಾಡುತ್ತಿತ್ತು. ಬಲೆಯೊಳಗೆ ಬಟಾಣಿಯಷ್ಟು ದಪ್ಪದ ರಬ್ಬರು. ಅದಕ್ಕೆ ಹೆಣ್ಣು ಪತಂಗದ ವಾಸನೆ ಸೇರಿಸಿರುತ್ತಾರೆ. ಗಂಡು ಪತಂಗಗಳು ಹೆಣ್ಣಿದೆ ಎಂದು ಆಸೆಯಿಂದ ಹಾರಿ ಬಂದು ಅಂಟಿನ ಹಲಗೆಗೆ ಸಿಕ್ಕಿಬೀಳುತ್ತವೆ. ಎಷ್ಟು ಸಿಕ್ಕಿಬಿದ್ದವೋ ನೋಡಿ ಹುಳದ ಕಾಟ ಎಷ್ಟಿದೆಯೆಂದು ತಿಳಿದುಕೊಳ್ಳುವುದು. ಆ ರಬ್ಬರುಗಳನ್ನು ಇಡುವುದು ಉಗ್ರಾಣದ ಫ್ರಿಜ್ಜಿನಲ್ಲಿ. ಫ್ರಿಜ್ಜಿನ ಬಾಗಿಲ ಮೇಲೆ 'ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು, ಚಿಮಟ ಕಡ್ಡಾಯ' ಎಂಬ ಫಲಕವಿದೆ. ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಅಂಟಿಸಿದವರು ನಮ್ಮ ಭಾವನೇ.

ಅಂಥ ಭಾವ, ಎಲೆ ತೋರಿಸಿದ ದಿನದ ಸಂಜೆ, ಯಾರನ್ನೂ ಕೇಳದೆ ಫ್ರಿಜ್ಜಿನಿಂದ ಒಂದು ರಬ್ಬರು ತೆಗೆದರು. ಸುತ್ತಿದ್ದ ಬೆಳ್ಳಿ ಕಾಗದ ಜೇಬಿನಲ್ಲಿ ಚರಪರ ಸದ್ದು ಮಾಡತೊಡಗಿತು. ಎದುರಿಗೆ ಕೇಂದ್ರದ ನಿರ್ದೇಶಕರು ಬರುತ್ತಿದ್ದರು. ಭಾವ ಗಾಬರಿಯಾಗಿ ಕಾಗದ ಕಿತ್ತೆಸೆದು, ರಬ್ಬರನ್ನು ಬರಿಗೈಯಲ್ಲೇ ಅಂಗಿಯ ಜೇಬಿಗೆ ತುರುಕಿಕೊಂಡರು. ಕಿಕ್ಕಿರಿದ ಬಸ್ಸಿನಲ್ಲಿ, ಸೆಕೆಯಲ್ಲಿ, ಅದು ಅವರ ಎದೆಗೆ ಒತ್ತಿಕೊಂಡೇ ಮನೆ ತಲುಪಿತು.

ತಾರಸಿಯಲ್ಲಿ ಸಭೆ ಸೇರಿತ್ತು. ಭಾವ ರಬ್ಬರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದರು. "ಇದರಲ್ಲಿ ಹೆಣ್ಣು ಪತಂಗದ ವಾಸನೆ ಇದೆ. ಮನುಷ್ಯರ ಮೂಗಿಗೆ ಎಟಕಲ್ಲ."

ಅಧ್ಯಕ್ಷರು ಅದನ್ನು ಕಸಿದುಕೊಂಡು ಮೂಸಿದರು, ಹಿಸುಕಿದರು, ಉಜ್ಜಿ ಮತ್ತೆ ಮೂಸಿದರು. ಬೆರಳನ್ನು ಕೋಟಿಗೆ ಒರೆಸಿಕೊಂಡು, "ಏನೂ ವಾಸನೆ ಇಲ್ವಲ್ರೀ!" ಎಂದರು.

"ನೀವು ಪತಂಗ ಅಲ್ವಲ್ಲ ಸಾರ್."

ಸಭೆ ಚಪ್ಪಾಳೆ ತಟ್ಟಿತು. ಎದುರು ಮನೆಯ ಟೀಚರಮ್ಮ "ಓದಿದವರು ಓದಿದವರೇ" ಎಂದು ಅಕ್ಕನಿಗೆ ಕೇಳುವಂತೆ ಹೇಳಿದರು. ಭಾವ ಎರಡು ಇಂಚು ಉದ್ದವಾದರು. ರಬ್ಬರನ್ನು ಮರುದಿನ ಫ್ರಿಜ್ಜಿಗೆ ಸೇರಿಸಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು. ರಾತ್ರಿಗೆ ಅವರ ಅಂಗಿಯೂ, ಅಧ್ಯಕ್ಷರು ಮಲಗುವಾಗ ಮಾತ್ರ ಕಳಚುವ ಕೋಟೂ ನನ್ನ ಅಂಗಡಿಗೆ ಬಂದವು. ನಾನು ಎರಡನ್ನೂ ಕಟ್ಟಡದ ಉಳಿದ ಬಟ್ಟೆಗಳ ಜೊತೆ ಯಂತ್ರಕ್ಕೆ ತುಂಬಿ ಗುಂಡಿ ಒತ್ತಿದೆ.

ಒಂದೆರಡು ದಿನ ಕಳೆದವು. ಮುಸ್ಸಂಜೆ ಅಂಗಡಿಯ ಮುಂದೆ ನಿಂತಿದ್ದೆ. ಭಾವ ಬಸ್ಸಿಳಿದು ಬರುತ್ತಿದ್ದರು. ತಲೆಯ ಸುತ್ತ ಬೂದು ಬಣ್ಣದ ಪುಟ್ಟ ಪತಂಗಗಳ ಹಿಂಡು. ಅವರು ಬಲಕ್ಕೆ ಸರಿದರೆ ಹಿಂಡೂ ಬಲಕ್ಕೆ, ಎಡಕ್ಕೆ ಸರಿದರೆ ಹಿಂಡೂ ಎಡಕ್ಕೆ. ಭಾವ ಓಡಿದರು. ಹಿಂಡೂ ಓಡಿತು.

ಬಾಗಿಲು ತೆರೆದ ಅಕ್ಕ, "ಏನ್ರೀ, ಇಷ್ಟೊಂದು ಜನರನ್ನ ಕರ್ಕೊಂಡು ಬಂದಿದೀರಾ!" ಎಂದಳು.

"ಕೀಟಗಳಿಗೆ ನನ್ನ ಪರಿಚಯ ಇದೆ ಕಣೆ," ಎಂದು ಭಾವ ನಗಲು ನೋಡಿದರು. ಬಾಯಿ ತೆರೆದದ್ದೇ ತಪ್ಪಾಯಿತು. ಒಂದು ಒಳಗೇ ಹೋಯಿತು.

ಅಲ್ಲಿಂದ ಮನೆಯಲ್ಲಿ ನೆಮ್ಮದಿ ಹಾರಿಹೋಯಿತು. ಭಾವ ಸ್ನಾನ ಮಾಡಿದರು, ಅಂಗಿ ಬದಲಿಸಿದರು. ಬದಲಿಸಿದ ಅಂಗಿ ನನ್ನ ಅಂಗಡಿಯಿಂದ ಬಂದದ್ದು. ಕಾಟ ಇಮ್ಮಡಿಯಾಯಿತು. ಮೊದಲು ಅಭ್ಯಾಸಬಲದಿಂದ ಓಡಾಡುತ್ತಿದ್ದವರು ಈಗ ಪ್ರಾಣಭಯದಿಂದ ಓಡಾಡತೊಡಗಿದರು. ನಿಂತರೆ ಪತಂಗ ಕೂರುತ್ತದೆ. ಅಕ್ಕ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಪತಂಗ. ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು. ಮೇಲಿನಿಂದ ಆ ಧಡಬಡ ಕೇಳಿ ಕೇಳಿ ನನಗೂ ಕೈಕಾಲು ಆಡದಂತಾಯಿತು.

ಅಷ್ಟರಲ್ಲಿ ಅಧ್ಯಕ್ಷರು ಕೋಟು ಕೊಡವುತ್ತಾ ಅಂಗಡಿಗೆ ನುಗ್ಗಿದರು. ಒಂದು ಪತಂಗ ಅವರ ಮೂಗಿನ ಮೇಲೆ ಆರಾಮಾಗಿ ಕೂತಿತ್ತು.

"ನಿಮ್ಮ ಭಾವ ಪ್ರಯೋಗ ಮಾಡ್ತಿರೋದು ಗಿಡದ ಮೇಲಲ್ಲ ಕಣಯ್ಯಾ, ನಮ್ಮ ಮೇಲೆ! ಹುಳಗಳನ್ನ ಚೀಲದಲ್ಲಿ ತಂದು ಕಟ್ಟಡದ ಒಳಗೆ ಬಿಡ್ತಿದಾರೆ!"

"ಯಾಕೆ ಬಿಡ್ತಾರೆ ಸಾರ್?"

"ಯಾಕೆ ಅಂದ್ರೆ? ವಿಜ್ಞಾನಿಗಳು! ಅವರಿಗೆ ಕಾರಣ ಬೇರೆ ಬೇಕಾ?"

ಮಾತಿಗೆ ರೆಕ್ಕೆ ಮೂಡಲು ಎಷ್ಟು ಹೊತ್ತು? ಮೊದಲ ಮಹಡಿಯಲ್ಲಿ ಭಾವ ಪತಂಗ ತಂದಿದ್ದರು. ಎರಡನೆಯ ಮಹಡಿಗೆ ಹೋಗುವಷ್ಟರಲ್ಲಿ ಸಾಕುತ್ತಿದ್ದರು. ಮೂರನೆಯ ಮಹಡಿಯಲ್ಲಿ ಅಡುಗೆಮನೆಯ ಡಬ್ಬಿಗಳಲ್ಲಿ ಮೊಟ್ಟೆ ಇಡಿಸುತ್ತಿದ್ದರು. ಟೀಚರಮ್ಮ ತಾವೇ ಕಣ್ಣಾರೆ ಕಂಡಿದ್ದಾಗಿ ಹೇಳಿದರು. ಏನನ್ನು ಕಂಡಿರಿ ಎಂದು ಕೇಳಿದರೆ, "ಡಬ್ಬಿಗಳನ್ನ," ಎಂದರು. ಸಂಘದ ತುರ್ತು ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಪತಂಗ ಓಡಿಸಿಕೊಳ್ಳುತ್ತಲೇ ಕೈಯೆತ್ತಿ, ಕೇಂದ್ರಕ್ಕೇ ಹೋಗಿ ನಿರ್ದೇಶಕರ ಮುಂದೆ ದೂರು ಕೊಡುವುದೆಂದು ತೀರ್ಮಾನಿಸಿದರು.

ಅತ್ತ ಕೇಂದ್ರದಲ್ಲೂ ಬೆಂಕಿ ಬಿದ್ದಿತ್ತು. ನಿರ್ದೇಶಕರು ತಮ್ಮ ನೆರಳು ಅಲುಗಿದರೂ ಬೆಚ್ಚುವ ಆಸಾಮಿ. ಭಾವ ದಿನವೂ ಅವರ ಮೇಜಿಗೆ ಕಾಗದ, ಪೆನ್ನು ತಂದಿಡುತ್ತಿದ್ದರು. ಈಗ ಸಂಜೆಯಾದರೆ ಮೇಜಿನ ಮೇಲೆ ಪತಂಗ, ಪೆನ್ನಿನ ಮೇಲೆ ಪತಂಗ, ಸಹಿ ಮಾಡಲು ಹೋದರೆ ಬೆರಳ ಮೇಲೆ ಪತಂಗ. ಹೊಲಕ್ಕೆ ಓಡಿ ಹೋಗಿ ನೋಡಿದರೆ, ಭಾವ ದಿನವೂ ಪ್ರೀತಿಯಿಂದ ನಿಂತು ಹೋಗುತ್ತಿದ್ದ ಜಾಗದ ಬಲೆಯಲ್ಲಿ ಅಂಟಿನ ಹಲಗೆ ಕಾಣದಷ್ಟು ಪತಂಗ.

"ದಾಳಿ! ಇದು ದಾಳಿ!" ಎಂದು ಅವರು ಕೂಗಿದರು. "ಇವತ್ತು ಸಂಜೆನೇ ಔಷಧಿ ಹೊಡೀರಿ. ಪೂರ್ತಿ ಹೊಲಕ್ಕೆ."

ಡಾಕ್ಟರಮ್ಮ ಅಂಗಲಾಚಿದರು. "ಸಾರ್, ಕೊನೇ ಕೊಯ್ಲು ಒಂದೇ ಬಾಕಿ. ಈಗ ಹೊಡೆದ್ರೆ ಎಲ್ಲಾ ಹೋಯ್ತು."

"ಹೊಡೀದಿದ್ರೆ ಅಕ್ಕಪಕ್ಕದ ಬೆಳೆನೆಲ್ಲಾ ತಿಂದು, ನನ್ನ ಕೆಲಸಾನೂ ತಿಂದು ಹೋಗುತ್ತಮ್ಮಾ!"

ಔಷಧಿಯ ಡಬ್ಬಗಳನ್ನು ತೆಗೆದುಕೊಡಬೇಕಾದ್ದು ಉಗ್ರಾಣದವರು. ಭಾವ ಬೀಗ ತೆಗೆದರು. ಡಬ್ಬ ಹೊರಗಿಟ್ಟರು, ಒಳಗೆ ತಂದಿಟ್ಟರು, ಮತ್ತೆ ಹೊರಗಿಟ್ಟರು. ಕೀ ಎಲ್ಲೋ ಬಿತ್ತು ಎಂದು ಬಾಗಿಲ ಸಂದಿಯಲ್ಲಿ ಹುಡುಕಿದರು. ಕೀ ಅವರ ಕೈಯಲ್ಲೇ ಇತ್ತು.

ಆ ಸಂಜೆಯೇ ನಮ್ಮ ಕಟ್ಟಡದ ನಿಯೋಗವೂ ಬಸ್ಸಿಳಿಯಿತು. ಮುಂದೆ ಕೋಟಿನ ಅಧ್ಯಕ್ಷರು, ಹಿಂದೆ ಟೀಚರಮ್ಮ, ಇನ್ನಷ್ಟು ಜನ, ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ಅಡಗಿಕೊಂಡಂತೆ ನಾನು. ಹೊಲದ ಅಂಚಿನಲ್ಲಿ ಔಷಧಿ ಹೊಡೆಯುವವನು ಡಬ್ಬ ಬೆನ್ನಿಗೇರಿಸಿ ಅಪ್ಪಣೆಗೆ ಕಾಯುತ್ತಿದ್ದ. ಗಿಡಗಳ ತುಂಬ ಟೊಮೇಟೊ ಕೆಂಪಗೆ ತೂಗುತ್ತಿದ್ದವು. ಭಾವ ಅವುಗಳ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದರು. ಹೊತ್ತು ಮುಳುಗುತ್ತಿತ್ತು. ಅವರ ತಲೆಯ ಮೇಲೆ ಮೊದಲ ಪತಂಗ ಬಂದಿತ್ತು.

"ನಿರ್ದೇಶಕರೇ!" ಅಧ್ಯಕ್ಷರು ಗುಡುಗಿದರು. "ನಿಮ್ಮ ವಿಜ್ಞಾನಿಗಳಿಂದ ನಮ್ಮನ್ನ ಕಾಪಾಡಿ."

"ಯಾವ ವಿಜ್ಞಾನಿ?" ಎಂದು ನಿರ್ದೇಶಕರು ಸುತ್ತ ನೋಡಿದರು. ಅವರ ಕಣ್ಣು ಭಾವನನ್ನು ದಾಟಿಕೊಂಡೇ ಹೋಯಿತು.

ಅಷ್ಟರಲ್ಲಿ ಗಿಡಗಳ ಸಾಲಿನಿಂದ ಡಾಕ್ಟರಮ್ಮ ಓಡಿ ಬಂದರು. ಒಂದು ಕೈಯಲ್ಲಿ ಎಲೆ, ಇನ್ನೊಂದರಲ್ಲಿ ಗಾಜಿನ ನಳಿಕೆ. "ಸಾರ್, ತಡೀರಿ! ಎಲೆ ಮೇಲೆ ಇರೋದೇ ಒಂದೋ ಎರಡೋ ಮೊಟ್ಟೆ. ಅವೂ ಕಪ್ಪಾಗಿವೆ, ಕಣಜಗಳು ಮುಗಿಸಿವೆ. ನಿಮ್ಮ ರೂಮಲ್ಲಿ ಹಿಡಿದ ಪತಂಗಗಳನ್ನ ನೋಡ್ದೆ, ಎಲ್ಲಾ ಗಂಡು. ಒಂದೂ ಹೆಣ್ಣಿಲ್ಲ. ದಾಳಿ ಆಗಿದ್ರೆ ಬರೀ ಗಂಡಸರು ಯಾಕೆ ಬರ್ತಾರೆ?" ಅಷ್ಟು ಹೇಳಿ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, "ಯಾರಾದ್ರೂ ಬಲೆ ರಬ್ಬರನ್ನ ಬರಿಗೈಯಲ್ಲಿ ಮುಟ್ಟಿದೀರಾ? ಅದರ ವಾಸನೆ ಒಂದ್ಸಲ ಬಟ್ಟೆಗೆ ಹತ್ತಿದ್ರೆ ಸುಲಭಕ್ಕೆ ಬಿಡಲ್ಲ," ಎಂದರು.

ಭಾವ ಮೊದಲ ಬಾರಿಗೆ ನಡೆಯುವುದನ್ನು ನಿಲ್ಲಿಸಿದರು. ನಿಂತ ತಕ್ಷಣ ನಾಲ್ಕಾರು ಪತಂಗಗಳು ಅವರ ಜೇಬಿನ ಮೇಲೆ ಬಂದು ಕೂತವು. ಅವರು ಅಧ್ಯಕ್ಷರನ್ನು ನೋಡಿದರು, ಟೀಚರಮ್ಮನನ್ನು ನೋಡಿದರು, ಬಳಿಕ ತೂಗುತ್ತಿದ್ದ ಹಣ್ಣುಗಳನ್ನು ನೋಡಿದರು.

"ನಾನು ಮುಟ್ಟಿದೆ ಮೇಡಂ," ಎಂದರು. "ಒಂದು ರಬ್ಬರು ಕೇಳದೆ ತಗೊಂಡು ಹೋದೆ. ಜೇಬಲ್ಲಿ ಹಾಕ್ಕೊಂಡು. ತಾರಸಿಲಿ ಇವರಿಗೆಲ್ಲ ತೋರಿಸೋಕೆ."

"ಆ ಫಲಕ ಬರೆದೋರು ನೀವೇ ಅಲ್ವೇನ್ರೀ?" ಎಂದರು ನಿರ್ದೇಶಕರು.

"ಹೌದು ಸಾರ್. ಬರೆದೋನು ನಾನೇ. ಓದಿರ್ಲಿಲ್ಲ."

ಅಧ್ಯಕ್ಷರು ಮುಂದೆ ಬಂದರು. "ವಿಜ್ಞಾನಿಗಳಾಗಿ ನಿಮಗೆ ಇಷ್ಟೂ ಗೊತ್ತಾಗ್ಲಿಲ್ವಾ?"

"ನಾನು ವಿಜ್ಞಾನಿ ಅಲ್ಲ ಸಾರ್. ಉಗ್ರಾಣದ ಗುಮಾಸ್ತ."

"ಮತ್ತೆ ಆ ಭೂತಗನ್ನಡಿ?"

"ಅದೂ ಉಗ್ರಾಣದ್ದೇ."

ನಿಯೋಗ ಒಟ್ಟಾಗಿ ಬಾಯಿ ತೆರೆಯಿತು. ಪತಂಗಗಳ ನೆನಪಾಗಿ ಒಟ್ಟಾಗಿ ಮುಚ್ಚಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಭಾವನನ್ನು ಕಂಡು ಹೆಮ್ಮೆಯಾಯಿತು. ಅದನ್ನು ಅವರಿಗೆ ಈವರೆಗೂ ಹೇಳಿಲ್ಲ, ಹೇಳಿದರೆ ಮತ್ತೆ ಎರಡು ಇಂಚು ಬೆಳೆಯುತ್ತಾರೆ.

ನಿರ್ದೇಶಕರು ಮಾತ್ರ ಜಗ್ಗಲಿಲ್ಲ. "ಒಂದು ಅಂಗಿಯಿಂದ ಇಷ್ಟೊಂದು ಪತಂಗವಾ? ನಾನು ನಂಬಲ್ಲ. ಹೊಡೀರಿ ಔಷಧಿ."

ಔಷಧಿಯವನು ಪಂಪಿನ ಹಿಡಿಕೆಗೆ ಕೈ ಹಾಕಿದ. "ಒಂದು ನಿಮಿಷ!" ಎಂದು ಭಾವ ಕೂಗಿ, ಹೊಲ ಬಿಟ್ಟು ರಸ್ತೆಯ ಕಡೆ ಓಟ ಕಿತ್ತರು. ಅಷ್ಟರಲ್ಲಿ ಹೊಲದ ಮೇಲೆ ನೆರೆದಿದ್ದ ಪತಂಗಗಳ ಹಿಂಡು ಅವರ ಹಿಂದೆಯೇ ಹೊರಟಿತು. ಗೇಟಿನವರೆಗೆ ಓಡಿದರು, ಅವೂ ಹೋದವು. ತಿರುಗಿ ಬಂದರು, ಅವೂ ಬಂದವು. ಬೇಲಿಯ ಆಚೆ ಅಂಗಿ ಕಳಚಿ ಕಂಬಕ್ಕೆ ಸಿಕ್ಕಿಸಿ ಬನಿಯನ್ನಿನಲ್ಲಿ ಈಚೆಗೆ ಬಂದರು. ಹಿಂಡಿನ ಬಹುಭಾಗ ಕಂಬದ ಹತ್ತಿರವೇ ಉಳಿಯಿತು. ಉಳಿದವು ಸ್ವಲ್ಪ ಯೋಚಿಸಿ, ನೇರವಾಗಿ ಅಧ್ಯಕ್ಷರ ಕೋಟಿಗೆ ಬಂದು ಕೂತವು.

"ನಾನ್ಯಾಕೆ? ನಾನೇನು ಮಾಡ್ದೆ?" ಎಂದು ಅಧ್ಯಕ್ಷರು ಕುಣಿಯತೊಡಗಿದರು. ಕೆಲವು ಟೀಚರಮ್ಮನ ಶಾಲಿಗೆ ಹೋದವು. ಇನ್ನು ಕೆಲವು ನನ್ನ ಅಂಗಿಗೆ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಕೇಳಿದರು, "ನೀವೆಲ್ಲ ಬಟ್ಟೆ ಎಲ್ಲಿ ಒಗೆಸ್ತೀರಿ?"

ಇಡೀ ನಿಯೋಗ ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಆಕಾಶ ನೋಡಿದೆ. ಅಂಥ ಚೆಂದದ ಆಕಾಶವನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

ನಿರ್ದೇಶಕರು ತಮ್ಮ ಪೆನ್ನನ್ನು ಜೇಬಿನಿಂದ ತೆಗೆದು ನೋಡಿದರು. ಅದರ ತುದಿಯಲ್ಲಿ ಒಂದು ಪತಂಗ ರೆಕ್ಕೆ ಬಡಿಯುತ್ತಿತ್ತು. ಅವರು ಪೆನ್ನನ್ನು ದೂರ ಎಸೆದು, "ಔಷಧಿ ಬೇಡ ಅಂತ ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ," ಎಂದು ಹೇಳಿ ಕಚೇರಿಯ ಕಡೆ ಹೊರಟರು. ಔಷಧಿಯವನು ಡಬ್ಬ ಇಳಿಸಿದ.

ಡಾಕ್ಟರಮ್ಮ ಬೈಯುತ್ತಾರೆಂದು ನಾವೆಲ್ಲ ಕಾದೆವು. ಬೈದರು, ಚೆನ್ನಾಗಿಯೇ ಬೈದರು. ಬೈಯುತ್ತಾ ಬೈಯುತ್ತಾ ಕಂಬದ ಮೇಲಿನ ಅಂಗಿಯನ್ನು ನೋಡಿ ಅವರಿಗೇ ನಗು ತಡೆಯಲಾಗಲಿಲ್ಲ. "ಆ ಬಟ್ಟೆಗಳನ್ನೆಲ್ಲ ಇಲ್ಲೇ ಬಿಟ್ಟು ಹೋಗಿ," ಎಂದರು. "ಹೊಲದ ಸುತ್ತ ತಂತಿ ಕಟ್ಟಿ ನೇತುಹಾಕ್ತೀನಿ. ಗಂಡು ಪತಂಗಗಳು ಅಂಗಿಯಿಂದ ಕೋಟಿಗೆ, ಕೋಟಿಂದ ಶಾಲಿಗೆ ಓಡಾಡ್ಕೊಂಡಿರ್ಲಿ. ನಿಜವಾದ ಹೆಣ್ಣು ಎಲ್ಲಿದೆ ಅಂತ ಅವಕ್ಕೆ ಗೊತ್ತಾಗೋದೇ ಬೇಡ."

ಅಧ್ಯಕ್ಷರ ಮೈಮೇಲಿಂದ ಕೋಟು ಇಳಿದದ್ದನ್ನು ನಮ್ಮ ಕಟ್ಟಡ ಅಂದು ಕಂಡಿತು. ಒಳಗೆ ಅವರು ಅಷ್ಟು ತೆಳ್ಳಗಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ತನ್ನ ಶಾಲನ್ನು ಭಾವನ ಹೆಗಲಿಗೆ ಹೊದಿಸಿದಳು. ಅವಳು ಮನೆಯಲ್ಲೇ ಒಗೆದುಕೊಂಡದ್ದು. "ಇಷ್ಟು ಹೇಳೋಕೆ ಇಷ್ಟೊಂದು ಹುಳ ಬೇಕಾಯ್ತಾ ನಿಮಗೆ?" ಎಂದಳು. ಬೈಗುಳದ ಮಾತೇ, ಆದರೆ ಕಣ್ಣಲ್ಲಿ ನೀರಿತ್ತು. ಭಾವ ಬಸ್ಸಿನಲ್ಲಿ ಅಕ್ಕನ ಪಕ್ಕದಲ್ಲಿ ಅಲುಗಾಡದೆ ಕೂತು ಬಂದರು.

ಫ್ರಿಜ್ಜಿನ ಕೀಯನ್ನು ಕೇಂದ್ರದವರು ಭಾವನಿಂದ ಕಿತ್ತುಕೊಂಡರು. ಭೂತಗನ್ನಡಿಯೂ ವಾಪಸ್ಸು ಹೋಯಿತು. ನಾನು ಯಂತ್ರವನ್ನು ಎಷ್ಟು ಸಲ ತೊಳೆದೆನೆಂದು ನನಗೇ ಲೆಕ್ಕವಿಲ್ಲ. ಕೊನೆಯ ಕೊಯ್ಲಿನ ದಿನ ಭಾವ ಓಡುತ್ತಾ ಮನೆಗೆ ಬಂದು, ಮೆಟ್ಟಿಲಿನಿಂದಲೇ ಅಕ್ಕನಿಗೆ ತೂಕ ಕೂಗಿ ಹೇಳಿದರು. ಅದುವರೆಗಿನ ಎಲ್ಲ ಕೊಯ್ಲಿಗಿಂತ ಹೆಚ್ಚು. ಮನೆಮನೆಯವರೂ ಬಾಗಿಲು ತೆರೆದು ಕೇಳಿದರು. ಅದರಲ್ಲಿ ತಮ್ಮ ಅಂಗಿಯ ಪಾಲೂ ಇದೆಯಲ್ಲ.

ಮೊನ್ನೆ ತಾರಸಿಯಲ್ಲಿ ಅಧ್ಯಕ್ಷರು ಮತ್ತೆ ಒಂದು ಎಲೆ ಹಿಡಿದು ಬಂದರು. ಹೊಸ ಕೋಟು ಹಾಕಿದ್ದರು, ಹಳೆಯ ಚಾಳಿ ಮಾತ್ರ ಹಾಗೇ ಇತ್ತು. "ವಿಜ್ಞಾನಿಗಳೇ, ಇದರ ಮೇಲೆ ಕೂತಿರೋದು ಯಾವ ಪತಂಗ ನೋಡಿ."

ಭಾವನ ಕೈ ಜೇಬಿಗೆ ಹೋಯಿತು, ಬರಿದಾದ ಜೇಬನ್ನು ತಡಕಿ ವಾಪಸ್ಸು ಬಂತು. ಅಕ್ಕ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದಳು.

"ನನಗೆ ಗೊತ್ತಿಲ್ಲ ಸಾರ್," ಎಂದರು ಭಾವ. "ಡಾಕ್ಟರಮ್ಮನ್ನ ಕೇಳಿ ಹೇಳ್ತೀನಿ."

ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ಆ ಪತಂಗ ಎಲೆ ಬಿಟ್ಟು ಹಾರಿ, ಒಂದು ಸುತ್ತು ಸುತ್ತಿ, ನೇರವಾಗಿ ಭಾವನ ಎದೆಯ ಮೇಲೆ ಬಂದು ಕೂತಿತು. ಭಾವ ತಲೆ ಬಗ್ಗಿಸಿ ಅದನ್ನು ನೋಡಿ ನಿಟ್ಟುಸಿರುಬಿಟ್ಟರು.

"ಗಂಡು ಅನ್ನೋದು ಮಾತ್ರ ಗ್ಯಾರಂಟಿ."